ಒಂಬತ್ತನೆಯ ಫಾರಂ

೧೯೫೩ ಸೆಪ್ಟೆಂಬರ್ ೬, ಭಾನುವಾರ

ಓದಿದ್ದರ ಬಗ್ಗೆ ಏನನ್ನಿಸಿತೋ ಬರೆದಿಡಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದು ವಿನೋದಿನಿ ಟೀಚರ್ ಹೇಳಿದ್ದಾರೆ. ಬರೆಯುತ್ತೇನೆ. ತೋರಿಸಬೇಕಾಗಿ ಬಂದರೂ ಹೆದರುವವನು ನಾನಲ್ಲ.

ಆಫೀಸುಗಳು ಮುಚ್ಚಿದ ದಿನ ಮಾತ್ರ ಫೋರ್ಟಿನ ನಮ್ಮ ಹೋಟೆಲಿನ ಒಲೆ ಆರುತ್ತದೆ. ದೇವರ ಹಬ್ಬಕ್ಕೂ ಆರುವುದಿಲ್ಲ. ಇವತ್ತು ಆರಿತ್ತು. ನಾನೂ ಶೇಖರನೂ ಬೋರಿಬಂದರಿನಲ್ಲಿ ಲೋಕಲ್ ರೈಲು ಹತ್ತಿ ಮಾಟುಂಗಕ್ಕೆ ಹೋದೆವು. ಅಲ್ಲಿ ಕನ್ನಡ ಸಂಘದ ಮಹಡಿ ಕೋಣೆಯಲ್ಲಿ ನಮ್ಮ ಓದುಕೂಟ. ನಾವಿಬ್ಬರು ಒಂದೇ ಹೋಟೆಲಿನ ಸಪ್ಲಾಯರುಗಳು, ರಾತ್ರಿಶಾಲೆಯಲ್ಲಿ ಅಕ್ಷರ ಕಂಡವರು. ನಮಗೆ ಕಲಿಸಿದವರು ವಿನೋದಿನಿ ಟೀಚರ್. ಭಾಂಡುಪಿನ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿರುವ ಬೆಳಗಾವಿ ಕಡೆಯ ಬಸವಂತಪ್ಪನವರು ಇನ್ನೊಬ್ಬರು. ಉಳಿದ ಮೂವರು ಬ್ಯಾಂಕಿನ ಗುಮಾಸ್ತರು: ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಅಭಿಪ್ರಾಯ.

ಈ ಸಲದ ಪುಸ್ತಕ ‘ಸುಟ್ಟ ಸ್ಟೇಷನ್’. ನಲವತ್ತೆರಡರ ಚಳವಳಿಯ ಕಾದಂಬರಿ. ಹೊರಗೆ ಮಹಾಯುದ್ಧ ನಡೆಯುತ್ತಿದೆ, ಮಿಲಿಟರಿ ಸಾಮಾನು ತುಂಬಿದ ರೈಲು ಬೆಳಗಾವಿ ಸೀಮೆಯ ಒಂದು ಹಳ್ಳಿಯನ್ನು ಸೀಳಿಕೊಂಡು ಹೋಗುತ್ತದೆ, ಆ ಹಳ್ಳಿಯ ನಾಲ್ವರು ಹುಡುಗರು ತಂತಿ ಕತ್ತರಿಸಿ ಸ್ಟೇಷನ್ನಿಗೆ ಬೆಂಕಿ ಇಡುತ್ತಾರೆ. ಟೀಚರ್ ಇಷ್ಟು ಹೇಳುವಷ್ಟರಲ್ಲಿ ನನ್ನ ಕೈ ತುರಿಸತೊಡಗಿತ್ತು. ಆಗ ನನಗೆ ಹದಿನಾಲ್ಕು ವರ್ಷ, ಊರಲ್ಲಿ ಸೆಗಣಿ ಬಾಚುತ್ತಿದ್ದೆ. ಚಳವಳಿ ನನ್ನನ್ನು ಕೇಳದೆಯೇ ನಡೆದು ಮುಗಿಯಿತು.

ಇರುವುದು ಒಂದೇ ಪ್ರತಿ. ಆದ್ದರಿಂದ ನಮ್ಮ ಪದ್ಧತಿಯಂತೆ ಪುಸ್ತಕವನ್ನು ಬಿಚ್ಚುವುದು. ಬಸವಂತಪ್ಪನವರು ಊರಲ್ಲಿ ಮಾಸ್ತರಿಕೆ ಮಾಡುವಾಗ ಶಾಲೆಯ ಪುಸ್ತಕಗಳಿಗೆ ತಾವೇ ರಟ್ಟು ಕಟ್ಟುತ್ತಿದ್ದರಂತೆ. ಬೆನ್ನಿನ ಹೊಲಿಗೆ ಕತ್ತರಿಸಿ, ಹದಿನಾರು ಪುಟದ ಒಂದೊಂದು ಫಾರಮನ್ನೂ ಬೇರೆ ಮಾಡಿ, ಖಾಕಿ ಕಾಗದ ಹೊದಿಸಿ, ಮೇಲೆ ಅಂಕಿ ಬರೆದರು. ಟೀಚರ್ ಓದಿ ಅವರಿಗೆ, ಅವರು ನನಗೆ, ನಾನು ಶೇಖರನಿಗೆ, ಶೇಖರ ಗುಮಾಸ್ತರಿಗೆ. ಕೊನೆಗೆ ಎಲ್ಲ ಫಾರಂ ವಾಪಸು ಬಂದ ಮೇಲೆ ಮತ್ತೆ ಹೊಲಿಗೆ.

“ಕೋಳಿ ಕೊಯ್ದ ಹಾಗೆ ಕೊಯ್ದಿರಲ್ಲ ಮಾಸ್ಟ್ರೇ” ಎಂದ ಶೇಖರ.

“ಕಡೀಕ ನಾನಽ ಜೀವಾ ತುಂಬತೀನಿ, ಚಿಂತಿ ಬಿಡು” ಎಂದರು ಬಸವಂತಪ್ಪನವರು. ಒಳ್ಳೆಯ ಮನುಷ್ಯ. ಮಾತು ಕಡಿಮೆ. ಇಂಥ ಸೆಕೆಯಲ್ಲೂ ಕಾಲುಚೀಲ, ಕ್ಯಾನ್ವಾಸ್ ಬೂಟು. ಎಲ್ಲರೂ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರೂ ಅವರು ಬಿಚ್ಚುವುದಿಲ್ಲ.

ಸೆಪ್ಟೆಂಬರ್ ೨೩

ಮಧ್ಯಾಹ್ನದ ಊಟದ ಗದ್ದಲ ಮುಗಿದು ಬೆಂಚು ಖಾಲಿ ಇರುವಾಗ ಓದುತ್ತೇನೆ. ಕೈ ಗಿರಾಕಿಗೆ ನೀರು ಕೊಡುತ್ತಿರುತ್ತದೆ, ತಲೆ ತಂತಿ ಕತ್ತರಿಸುತ್ತಿರುತ್ತದೆ. ಎರಡು ಸಲ ಬೈಸಿಕೊಂಡೆ.

ನಾಲ್ವರು ಹುಡುಗರಿಗಿಂತ ನನಗೆ ಹಿಡಿಸಿದವನು ಟೇಲರ್ ನಾಗಪ್ಪ. ನಡುವಯಸ್ಸು, ಮಕ್ಕಳೊಂದಿಗ. ಹೊಲಿಗೆಯಂತ್ರದ ಪೆಟ್ಟಿಗೆಯಲ್ಲಿ ತಂತಿ ಕತ್ತರಿ ಬಚ್ಚಿಡುತ್ತಾನೆ. ಫೌಜುದಾರನ ಅಂಗಿಯ ಅಳತೆ ತೆಗೆಯುತ್ತ ಅವನ ಬಾಯಿಯಿಂದಲೇ ರೈಲಿನ ಸುದ್ದಿ ತೆಗೆಯುತ್ತಾನೆ. ಗಂಡಸು ಅಂದರೆ ಇವನು!

ಅಕ್ಟೋಬರ್ ೭

ಓದಲಿಲ್ಲ. ಕೊರಗಪ್ಪನ ಎರಡು ಬೆರಳು ರುಬ್ಬುವ ಕಲ್ಲಿನ ಕೆಳಗೆ ಹೋದವು. ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ರುಬ್ಬುವವನು, ತೂಕಡಿಸಿದ. ಮಾಲೀಕರು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ, ನಾಳಿನ ಹಡಗಿಗೆ ಟಿಕೇಟು ತೆಗೆಸಿದ್ದಾರೆ. “ಊರಿಗೆ ಹೋಗಿ ಆರಾಮ ಮಾಡು” ಎಂದರು. ಆರಾಮ! ಇಡ್ಲಿ ಮಾತ್ರ ಎಂದಿನಂತೆ ಮೆತ್ತಗೆ ಇತ್ತು, ಗಿರಾಕಿಗಳು ಹೊಗಳಿದರು.

ಶೇಖರನ ಕಣ್ಣು ಕೆಂಪಾಗಿದೆ. “ಬಿಡುವುದಿಲ್ಲ ಮಾರಾಯ” ಎಂದ. ಸುಮ್ಮನೆ ಹೇಳುವವನಲ್ಲ.

ಅಕ್ಟೋಬರ್ ೧೮, ಭಾನುವಾರ

ನಿಬ್ಬು ಕಾಗದ ಹರಿಯುವಂತೆ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿನಿಂದ.

ಎಂಟನೆಯ ಫಾರಂ ಮುಗಿಯುವುದು ನಾಗಪ್ಪನನ್ನು ಪೊಲೀಸರು ಎಳೆದೊಯ್ಯುವಲ್ಲಿ. ಹುಡುಗರು ಶಾಲೆಯ ಅಟ್ಟದಲ್ಲಿ ಅಡಗಿರುವುದು ಅವನೊಬ್ಬನಿಗೇ ಗೊತ್ತು. ಮುಂದೇನಾಯಿತೆಂದು ನಾನು ಚಡಪಡಿಸುತ್ತಿದ್ದರೆ ಬಸವಂತಪ್ಪ ಕೊಟ್ಟದ್ದು ಹತ್ತನೆಯದನ್ನು! “ಒಂಬತ್ತು ನನ್ನ ಹಂತ್ಯಾಕ ಐತಿ ತಮ್ಮಾ, ಇನ್ನೂ ಓದಾಕತ್ತೀನಿ” ಎಂದಿದ್ದರು. ಹದಿನಾರು ಪುಟಕ್ಕೆ ಎರಡು ವಾರ. ಇರಲಿ ಎಂದು ಹತ್ತನ್ನೇ ಓದಿದೆ. ಮೊದಲ ಸಾಲಿನಲ್ಲೇ, ಅಟ್ಟದಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಪೊಲೀಸರು ಜೇಲಿಗೆ ಒಯ್ಯುತ್ತಿದ್ದಾರೆ. ನಾಲ್ವರ ಕೈಗೂ ಬೇಡಿ. ಹೇಳಿಬಿಟ್ಟಿದ್ದಾನೆ ಆ ನಾಯಿ.

ಇವತ್ತು ಕೂಟದಲ್ಲಿ ನಾನೇ ಮೊದಲು ಎದ್ದು ನಿಂತೆ. ನಾಗಪ್ಪನಂಥವರಿಂದಲೇ ಈ ದೇಶ ಇನ್ನೂರು ವರ್ಷ ಗುಲಾಮಗಿರಿಯಲ್ಲಿ ಕೊಳೆತದ್ದು, ಇಂಥವರು ಪ್ರತಿ ಚಾಳಿನಲ್ಲಿ, ಪ್ರತಿ ಹೋಟೆಲಿನಲ್ಲಿ ಇದ್ದಾರೆ, ಹುಡುಕಿ ಹುಡುಕಿ ಒದ್ದು ಹೊರಗೆ ಹಾಕಬೇಕು ಎಂದೆ. ಗುಮಾಸ್ತರು ಚಪ್ಪಾಳೆ ತಟ್ಟಿದರು.

“ಒಂಬತ್ತು ಓದದಽ ಹತ್ತರ ಮ್ಯಾಲೆ ಮಾತಾಡಬ್ಯಾಡ ತಮ್ಮಾ” ಎಂದರು ಬಸವಂತಪ್ಪ.

“ಓದುವುದಕ್ಕೆ ಎಂತ ಉಂಟು? ಹೇಳಿದನೋ ಇಲ್ಲವೋ?”

“ಹೇಳಿದ.”

“ಮತ್ತೆ?”

“ನಾನೂ ಹೇಳೀನಿ.”

ಯಾರಿಗೂ ಅರ್ಥವಾಗಲಿಲ್ಲ. ಅವರು ಹಾಜರಿ ಕೂಗುವವರಂತೆ ಒಂದೇ ಸ್ವರದಲ್ಲಿ ಹೇಳಿದರು. “ನಲವತ್ತೆರಡರಾಗ. ನಮ್ಮೂರಾಗ. ಮೂರು ಮಂದಿ ಹೆಸರು ಹೇಳೀನಿ. ಮೂರೂ ಮಂದಿಗೆ ಜೇಲಾತು. ಒಬ್ಬಾಂವ ಹೊರಗ ಬರಲಿಲ್ಲ, ಅಲ್ಲೇ ಹೋದ. ನನ್ನ ಸಾಲ್ಯಾಗ ಕಲ್ತ ಹುಡುಗ.”

ಗುಮಾಸ್ತರಲ್ಲೊಬ್ಬ “ಚಹಾ ಹೇಳಲಾ?” ಎಂದ. ಮಂಕ!

ನಾನು ಹೇಳಿದೆ: ಈ ಮನುಷ್ಯ ಇರುವ ಕೂಟದಲ್ಲಿ ನಾನಿರುವುದಿಲ್ಲ. ಹೆಸರು ತೆಗೆಯಬೇಕು. ಠರಾವು ನನ್ನದು.

ವಿನೋದಿನಿ ಟೀಚರ್ ಕನ್ನಡಕ ಒರೆಸಿದರು. “ಸದಸ್ಯರನ್ನು ತೆಗೆಯುವುದಾದರೆ ಬೋರ್ಡಿಗೆ ನೋಟಿಸು ಹಚ್ಚಬೇಕು, ದೂಜ. ಹಾಗೆಲ್ಲ ಎದ್ದ ಹಾಗೆ ಮಾಡ್ಲಿಕ್ಕೆ ಆಗುದಿಲ್ಲ. ನವೆಂಬರ್ ಹದಿನೈದಕ್ಕೆ ತೀರ್ಮಾನ. ಅಷ್ಟರೊಳಗೆ ನೀವು ಒಂಬತ್ತನೆಯದನ್ನು ಓದಿರಬೇಕು.”

ಬಸವಂತಪ್ಪ ಚೀಲದಿಂದ ಅದನ್ನು ತೆಗೆದು ನನ್ನ ಕೈಗಿಟ್ಟ. ಖಾಕಿ ಹೊದಿಕೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಎಷ್ಟು ಸಲ ಓದಿದ್ದಾನೋ. ನನ್ನ ಕಣ್ಣು ನೋಡಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದ.

ಅಕ್ಟೋಬರ್ ೨೧

ಒಂಬತ್ತನ್ನು ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಹಾಕಿದ್ದೇನೆ. ಓದುವುದಿಲ್ಲ. ಕಳ್ಳನ ಕಥೆಯನ್ನು ಕಳ್ಳನ ಕೈಯಿಂದ ಯಾಕೆ ಇಸಿದುಕೊಳ್ಳಬೇಕು?

ಶೇಖರ ಮಾತ್ರ ದಿನವೂ ಪೀಡಿಸುತ್ತಾನೆ. “ನೀನು ಓದಿ ಕೊಟ್ಟರೆ ಅಲ್ವನಾ ನನಗೆ ಸಿಗುದು. ಹತ್ತಕ್ಕೆ ಬಂದೆ, ನಡುವೆ ಹೊಂಡ ಬಿದ್ದ ಹಾಗೆ ಉಂಟು.” ಹೊಂಡ ಇರಲಿ. ಹಾರಿಕೊಂಡು ಹೋಗು ಎಂದೆ.

ನವೆಂಬರ್ ೩

ಇವತ್ತಿನಿಂದ ಮುಷ್ಕರ. ಕೊರಗಪ್ಪನನ್ನು ವಾಪಸು ಕರೆಸಿ ಕೂತು ಮಾಡುವ ಕೆಲಸ ಕೊಡಬೇಕು, ರುಬ್ಬುವವರಿಗೆ ಪಾಳಿ ಬೇಕು. ಇಷ್ಟೇ ಕೇಳಿದ್ದು. ಅಡುಗೆಯವರೂ ಸೌಟು ಕೆಳಗಿಟ್ಟರು. ಬಾಗಿಲ ಮುಂದೆ ಸಾಲಾಗಿ ಕುಳಿತೆವು. ದಿನಾ ನಮ್ಮ ಕೈಯಿಂದ ದೋಸೆ ತಿನ್ನುವ ವಕೀಲರು, ಬ್ಯಾಂಕಿನವರು ನಮ್ಮನ್ನು ದಾಟಿಕೊಂಡು ಎದುರಿನ ಇರಾಣಿ ಹೋಟೆಲಿಗೆ ಹೋದರು. ಒಬ್ಬರು ಮಾತ್ರ ನಿಂತು ನಮಸ್ಕಾರ ಮಾಡಿದರು. ಅವರು ದಿನಾ ಸಾಂಬಾರು ಜಾಸ್ತಿ ಕೇಳುವವರು.

ಸಂಜೆ ಮಾಲೀಕರ ಕಡೆಯವನೇ ಗಲ್ಲಾದ ಗಾಜಿಗೆ ಕಲ್ಲು ಹೊಡೆದು, ಶೇಖರ ಹೊಡೆದನೆಂದು ಬೊಬ್ಬೆ ಹಾಕಿದ. ನಾನು ಕಣ್ಣಾರೆ ನೋಡಿದೆ. ಪೊಲೀಸ್ ವ್ಯಾನ್ ಬರುವ ಮೊದಲೇ ಶೇಖರನನ್ನು ಗಲ್ಲಿಯಿಂದ ದಾಟಿಸಿದೆವು. ಅವನು ಸಿಕ್ಕಿಬಿದ್ದರೆ ಮುಷ್ಕರದ ಸೊಂಟ ಮುರಿಯುತ್ತದೆ.

ನವೆಂಬರ್ ೬, ದೀಪಾವಳಿ

ಶೇಖರ ಎಲ್ಲಿ ಅಡಗಿದ್ದಾನೆಂದು ನಿನ್ನೆ ಗೊತ್ತಾಯಿತು. ಭಾಂಡುಪಿನಲ್ಲಿ. ಬಸವಂತಪ್ಪನ ಮನೆಯಲ್ಲಿ!

ಇವತ್ತು ಬೆಳಿಗ್ಗೆ ಅವನ ಬಟ್ಟೆ ಕಟ್ಟಿಕೊಂಡು ಹೋದೆ. ಬಟ್ಟೆ ಕೊಡಲಿಕ್ಕಲ್ಲ, ಅಲ್ಲಿಂದ ಎಬ್ಬಿಸಿಕೊಂಡು ಬರಲಿಕ್ಕೆ. ಹಳಿಯಾಚೆ ಹುಲ್ಲು, ಕೆಸರು, ಅದರ ನಡುವೆ ತಗಡಿನ ಮಾಡಿನ ಚಾಳು. ಶೇಖರ ಜಗಲಿಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದ.

“ಬುದ್ಧಿ ಉಂಟನಾ ನಿನಗೆ? ಊರಿಡೀ ಬಿಟ್ಟು ಹೆಸರು ಹೇಳಿದವನ ಮನೆಗೇ ಬಂದು ಕೂತಿದ್ದೀಯಲ್ಲ!”

“ಮೆಲ್ಲಗೆ ಮಾರಾಯ. ಪೊಲೀಸರು ಹುಡುಕುದು ನಿನ್ನಂಥ ಗಟ್ಟಿ ಮಂಡೆಯವರ ಹತ್ತಿರ. ಮತ್ತೆ, ಇವರು ತಾವಾಗಿ ರೈಲ್ವೆ ಸ್ಟೇಷನ್ನಿಗೆ ಬಂದು ಕರಕೊಂಡು ಹೋದ್ರು. ನೀನು ಎಲ್ಲಿಗೆ ಕರೀತಿ? ನೀನೇ ಬೆಂಚಿನ ಮೇಲೆ ಮಲಗುವವ. ಮುಷ್ಕರ ಅಂತ ಈಗ ಅದೂ ಇಲ್ಲ.”

ಅಷ್ಟರಲ್ಲಿ ಬಸವಂತಪ್ಪನ ಹೆಂಡತಿ ರಾಚವ್ವ ಒಲೆಯ ಮುಂದಿನಿಂದ ಎದ್ದು ಬಂದರು. ಕೈಯಲ್ಲಿ ಇನ್ನೂ ಹಿಟ್ಟು.

“ದೂಜ ಅಂದ್ರ ನೀನಽ ಏನಪಾ? ನಮ್ಮನಿಯವರನ್ನ ಹೊರಗ ಹಾಕಾಂವ?”

ನಾನು ಬಟ್ಟೆಯ ಗಂಟು ಹಿಡಿದುಕೊಂಡು ನಿಂತೆ.

“ಕುಂಡ್ರು. ಉಣ್ಣು. ಹೊರಗ ಹಾಕಾಕೂ ರಟ್ಟ್ಯಾಗ ಬಲ ಬೇಕು.”

ಈ ಮನೆಯ ನೀರನ್ನೂ ಮುಟ್ಟಬಾರದೆಂದುಕೊಂಡೇ ರೈಲು ಹತ್ತಿದ್ದೆ. ಮೂರು ರೊಟ್ಟಿ ತಿಂದೆ. ಎರಡು ದಿನದಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಲ್ಲ. ಬಡಿಸುತ್ತ ಅವರು ಮಾತಾಡುತ್ತಲೇ ಇದ್ದರು. “ಹನ್ನೊಂದು ವರ್ಷ ಆತು ನಾವು ಊರ ಕಡೆ ಹೊಳ್ಳಿ ನೋಡಿಲ್ಲ. ನನ್ನ ತಮ್ಮನ ಮದಿವಿಗೂ ಹೋಗಲಿಲ್ಲ. ಕಾರ್ಖಾನಿ, ಮನಿ, ಕಾರ್ಖಾನಿ, ಮನಿ. ಐತವಾರ ಒಂದಽ ದಿನ ಕನ್ನಡಿ ಮುಂದ ನಿಂತು ತಲಿ ಹಿಕ್ಕೊಂತಾರ. ಮಾಟುಂಗಕ್ಕ ಹೊಂಟೀನಿ ಅಂತಾರ. ಅದೊಂದು ಐತವಾರ ಉಳದೈತಿ ಅವರಿಗೆ. ಅದನ್ನೂ ಕಸಗೋತಿ?”

“ಸುಮ್ಮನಿರು” ಎಂದು ಒಳಗಿನಿಂದ ಅವರ ದನಿ ಬಂತು. ಹೊರಗೆ ಬಂದರು. ಮನೆಯಲ್ಲಿ ಬೂಟು ಇರಲಿಲ್ಲ. ಅಂಗಾಲನ್ನು ಪೂರ್ತಿ ನೆಲಕ್ಕೆ ಊರದೆ ಪಾದದ ಅಂಚಿನ ಮೇಲೆ ನಡೆಯುತ್ತಾರೆ. ಚಾಪೆಯ ಮೇಲೆ ಕುಳಿತಾಗ ಅಂಗಾಲು ಕಂಡಿತು. ನೋಡಬಾರದಿತ್ತು.

“ಒಂಬತ್ತು ಓದಿದೇನು?”

“ಪುರಸೊತ್ತಾಗಲಿಲ್ಲ.”

“ಆಗತೈತಿ ತಗೋ” ಎಂದರು.

ಶೇಖರನನ್ನು ಬಿಟ್ಟೇ ಬಂದೆ. ಠರಾವು ಠರಾವೇ. ಊಟ ಬೇರೆ, ತತ್ತ್ವ ಬೇರೆ.

ನವೆಂಬರ್ ೧೧

ಪೊಲೀಸರು ಇವತ್ತು ಬಿಟ್ಟರು. ಬಲಗೈ ಊದಿದೆ. ಬರೆಯಲಾಗುತ್ತಿಲ್ಲ.

ನವೆಂಬರ್ ೧೨

ಮಾಲೀಕರು ಮಣಿದಿದ್ದಾರೆ. ಕೊರಗಪ್ಪನಿಗೆ ಕಾಗದ ಹೋಯಿತು, ಶೇಖರನ ಮೇಲಿನ ದೂರು ವಾಪಸು.

ಗೆಳೆಯರು ಹೋಟೆಲಿನ ಹಿಂದಿನ ಅಂಗಳದಲ್ಲಿ ನನ್ನನ್ನು ಹೆಗಲ ಮೇಲೆ ಎತ್ತಿದರು. “ದೂಜ ಬಾಯಿ ಬಿಡಲಿಲ್ಲ! ಇಡೀ ದಿನ ಹೊಡೆದರೂ ಬಿಡಲಿಲ್ಲ!” ಚೆಂಡುಹೂವಿನ ಹಾರ. ಓದುಕೂಟದ ಗುಮಾಸ್ತರಲ್ಲೊಬ್ಬ ಬ್ಯಾಂಕಿನಿಂದ ಓಡಿ ಬಂದು ನನ್ನ ಊದಿದ ಕೈಯನ್ನೇ ಹಿಡಿದು ಕುಲುಕಿದ. “ನೀವು ತೋರಿಸಿಕೊಟ್ಟಿರಿ ನೋಡಿ! ಭಾನುವಾರ ನಿಮ್ಮ ಠರಾವಿಗೆ ನಮ್ಮ ಮೂರೂ ಮತ. ಆ ಬಸವಂತಪ್ಪ ನಿಮ್ಮ ಮುಖ ಹೇಗೆ ನೋಡ್ತಾನೋ ನೋಡ್ಬೇಕು.”

ಹಾರ ಕುತ್ತಿಗೆಗೆ ತುರಿಸುತ್ತಿತ್ತು. ಬೇಗ ತೆಗೆದೆ.

ನವೆಂಬರ್ ೧೩

ಯಾರೂ ಓದದ ಜಾಗ ಇದು. ಇಲ್ಲಿಯೂ ಬರೆಯದಿದ್ದರೆ ಹೇಗೆ?

ಮಂಗಳವಾರ ಬೆಳಿಗ್ಗೆ ಹಿಡಿದರು. ಚೌಕಿಯಲ್ಲಿ ಒಬ್ಬನೇ ಹವಾಲ್ದಾರ. ಸಿನಿಮಾದ ರಾಕ್ಷಸನ ಹಾಗೇನೂ ಇರಲಿಲ್ಲ. ಅವನಿಗೆ ನೆಗಡಿಯಾಗಿತ್ತು. “ಶೇಖರ್ ಕುಠೇ ಆಹೇ?” ಎಲ್ಲಿದ್ದಾನೆ ಎಂದು ಕೇಳುವುದು, ಅಂಗೈಗೆ ಹೊಡೆಯುವುದು, ಮೂಗು ಒರೆಸಿಕೊಳ್ಳುವುದು. ಮೊದಲು ನಾನು ಅವನನ್ನೇ ದಿಟ್ಟಿಸಿ ನೋಡಿದೆ. ಆಮೇಲೆ ಗೋಡೆ ನೋಡಿದೆ. ಆಮೇಲೆ ಕೋಲನ್ನು ಮಾತ್ರ ನೋಡುತ್ತಿದ್ದೆ. ಘೋಷಣೆಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಒಂದೂ ಪೂರ್ತಿ ಬರಲಿಲ್ಲ. ಮಧ್ಯಾಹ್ನ ಕಳೆದಿರಬೇಕು. ಅವನು ಕೋಲು ಬದಿಗಿಟ್ಟು “ಕಾಲು ಮೇಲೆ ಮಾಡು” ಎಂದ.

ನನಗೆ ಭಾಂಡುಪಿನ ಚಾಪೆಯ ಮೇಲೆ ಕಂಡ ಅಂಗಾಲು ನೆನಪಾಯಿತು.

ಆಗ ನನ್ನ ಬಾಯಿ ತೆರೆಯಿತು. ನಾನು ತೆರೆದೆ. ‘ಭಾಂ’ ನಾಲಗೆಯ ತುದಿಗೆ ಬಂದಾಗಿತ್ತು.

ಚಹಾ ಬಂತು.

ಇರಾಣಿ ಹೋಟೆಲಿನವನು ಬಾಗಿಲಲ್ಲಿ ನಿಂತು “ಚಾಯ್, ಸಾಬ್” ಎಂದ. ನಾವು ಮುಷ್ಕರ ಹೂಡಿರದಿದ್ದರೆ ಆ ಚಹಾ ನಮ್ಮಲ್ಲಿಂದಲೇ ಬರಬೇಕಿತ್ತು, ಬಹುಶಃ ನಾನೇ ತರಬೇಕಿತ್ತು. ಹವಾಲ್ದಾರ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದ. ಅವನು ಕುಡಿಯುವಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡೆ. ಬಸಿ ಕೆಳಗಿಡುವಷ್ಟರಲ್ಲಿ ಅವನ ಸಾಹೇಬ ಬಂದು, ಮಾಲೀಕರು ಮಾತುಕತೆಗೆ ಒಪ್ಪಿದ್ದಾರೆ, ಇನ್ನು ಹೊಡೆಯಬೇಡ ಎಂದ. ಅಷ್ಟೇ. ಮರುದಿನ ಹೊರಗೆ ಬಂದಾಗ ನಾನು ವೀರ.

ಬಸಿಯಲ್ಲಿ ಚಹಾ ಇನ್ನಷ್ಟು ಬೇಗ ಆರಿದ್ದರೆ?

ಟ್ರಂಕು ತೆಗೆದು ಒಂಬತ್ತನೆಯ ಫಾರಮನ್ನು ಓದಿದೆ. ನಿಂತುಕೊಂಡೇ ಶುರುಮಾಡಿದೆ, ಮುಗಿಯುವಾಗ ನೆಲದ ಮೇಲೆ ಕುಳಿತಿದ್ದೆ.

ಹುಡುಗರಿಗೂ ನಾಗಪ್ಪನಿಗೂ ಮೊದಲೇ ಮಾತಾಗಿತ್ತು. ನನ್ನನ್ನು ಹಿಡಿದರೆ ಎರಡು ದಿನ ತಡೆಯುತ್ತೇನೆ, ಅಷ್ಟರೊಳಗೆ ನೀವು ಹೊಳೆ ದಾಟಿ ಹೋಗಿರಬೇಕು ಎಂದು ಅವನು ಹೇಳಿದ್ದ. ತಡೆದದ್ದು ನಾಲ್ಕು ದಿನ. ಏನೇನು ಮಾಡಿದರೆಂದು ಮತ್ತೆ ಬರೆಯುವುದಿಲ್ಲ. ಐದನೆಯ ದಿನ, ಹುಡುಗರು ಎಂದೋ ದಾಟಿರುತ್ತಾರೆ, ಖಾಲಿ ಅಟ್ಟ ತೋರಿಸಿದರೆ ಇವರು ಬಿಟ್ಟಾರು ಎಂದುಕೊಂಡು ಅಟ್ಟದ ಮಾತು ಹೇಳಿದ. ಹುಡುಗರು ಅಲ್ಲೇ ಇದ್ದರು! ನಾಗಪ್ಪಕಾಕಾ ಸತ್ತರೂ ಹೇಳುವವನಲ್ಲ ಎಂಬ ಹೆಮ್ಮೆಯಲ್ಲಿ ಹೊಳೆಯ ಕಡೆ ಹೆಜ್ಜೆ ಇಟ್ಟಿರಲೇ ಇಲ್ಲ. ಬೇಡಿ ಹಾಕಿ ಅವನ ಮುಂದೆಯೇ ಕರೆದೊಯ್ಯುವಾಗ ಕಿರಿಯವನು ಉಗಿಯುತ್ತಾನೆ. ನಾಗಪ್ಪ ಮುಖ ಒರೆಸಿಕೊಳ್ಳುವುದಿಲ್ಲ. “ಇನ್ನೂ ಹೋಗಿರಲಿಲ್ಲೇನೋ ಮಗನ?” ಎನ್ನುತ್ತಾನೆ. ಫಾರಂ ಅಲ್ಲಿಗೆ ಮುಗಿಯುತ್ತದೆ.

ಅವನಿಗೆ ಯಾರೂ ಚಹಾ ತರಲಿಲ್ಲ.

ನವೆಂಬರ್ ೧೪

ಶೇಖರ ಬಂದ. ಮೈಯೆಲ್ಲ ಎಮ್ಮೆಯ ವಾಸನೆ.

“ಎಂತ ಮಾರಾಯ, ರಾಚವ್ವ ಎಮ್ಮೆ ಸಾಕಿದ್ದಾರನಾ?”

“ನಾನು ಭಾಂಡುಪಿನಲ್ಲಿ ಎಲ್ಲಿದ್ದೆ? ಮಂಗಳವಾರ ನಿನ್ನನ್ನು ಹಿಡಿದ ಸುದ್ದಿ ಬಂದದ್ದೇ ತಡ, ಮಾಸ್ಟ್ರು ಕಾರ್ಖಾನೆಗೆ ರಜೆ ಹಾಕಿ ನನ್ನನ್ನು ಎಬ್ಬಿಸಿದ್ರು. ಠಾಣೆ ಊರಿನ ಆಚೆ ಒಬ್ಬ ಗೌಳಿಯ ಕೊಟ್ಟಿಗೆಗೆ ಸಾಗಿಸಿದ್ರು. ಮಧ್ಯಾಹ್ನದೊಳಗೆ ನಾನು ಎಮ್ಮೆಗಳ ನಡುವೆ.”

ನನಗೆ ಮೈ ಉರಿಯಿತು. ನನ್ನ ಮೇಲೆ ಇಷ್ಟೇ ನಂಬಿಕೆಯೇ? ನಾನು ಹೇಳಿಬಿಡುತ್ತೇನೆಂದು ಅವರು ಹೇಗೆ ತಿಳಿದುಕೊಂಡರು? ಬಾಯಿಗೆ ಬಂದ ಮಾತನ್ನು ನುಂಗಿದೆ. ನುಂಗುವುದು ಈಗ ಅಭ್ಯಾಸವಾಗಿದೆ.

“ನಾನೂ ಹೇಳಿದೆ ಮಾರಾಯ, ದೂಜ ಬಾಯಿ ಬಿಡುವ ಜಾತಿಯವನಲ್ಲ ಅಂತ” ಎಂದ ಶೇಖರ. “ಅದಕ್ಕೆ ಅವರು ಎಂತ ಹೇಳಿದ್ರು ಗೊತ್ತುಂಟಾ? ‘ಹೇಳಲಿ ಬಿಡಲಿ, ಆ ಭಾರ ಆಂವನ ಮ್ಯಾಲೆ ಯಾಕ? ಆಂವ ಹೇಳಿದ್ರೂ ಪೊಲೀಸರಿಗೆ ಖಾಲಿ ಮನಿ ಸಿಗಬೇಕು. ಹಂಗಾದ್ರ ಆಂವ ಮುಂದ ಮಂದ್ಯಾಗ ತಲಿ ಎತ್ತಿ ಬಾಳತಾನ’ ಅಂದ್ರು.”

ಶೇಖರ ಸ್ನಾನಕ್ಕೆ ಹೋದ. ನಾನು ಖಾಲಿ ಬೆಂಚಿನ ಮೇಲೆ ಕುಳಿತೆ. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

ಪೊಲೀಸರಿಗೆ ಖಾಲಿ ಮನೆ ಎಂದರು. ಖಾಲಿ ಎಲ್ಲಿ? ಅವರೂ ರಾಚವ್ವನೂ ಅಲ್ಲೇ ಇದ್ದರಲ್ಲ.

ನವೆಂಬರ್ ೧೫, ಭಾನುವಾರ

ಬಸವಂತಪ್ಪಣ್ಣ ನಮಗಿಂತ ಮೊದಲೇ ಬಂದು ಬಾಗಿಲ ಬಳಿಯ 
ಕುರ್ಚಿಯಲ್ಲಿ ಕುಳಿತಿದ್ದರು. ಬೇಗ ಎದ್ದು ಹೋಗಲು ಅನುಕೂಲವಾಗುವ ಜಾಗ. ತಲೆ ಒಪ್ಪವಾಗಿ ಬಾಚಿತ್ತು. ಅಂಗಿಯ ಕೊರಳ ಗುಂಡಿಯನ್ನೂ ಹಾಕಿದ್ದರು.

ಟೀಚರ್ ಠರಾವು ಓದಿದರು. ನನ್ನದೇ ಮಾತುಗಳು. ‘ದ್ರೋಹಿಗಳಿಗೆ ಈ ಕೂಟದಲ್ಲಿ ಜಾಗವಿಲ್ಲ’ ಎಂದಿತ್ತು. ಅಕ್ಷರ ಚೆನ್ನಾಗಿ ಬರೆದಿದ್ದೆ.

“ಮಂಡಿಸುವವರು?”

ಎದ್ದು ನಿಂತೆ. ವಾಪಸು ತೆಗೆದುಕೊಳ್ಳುತ್ತೇನೆ ಎಂದೆ.

ಗುಮಾಸ್ತರು ಗದ್ದಲ ಮಾಡಿದರು. “ಇದೆಂಥದ್ದು? ಹೊಡೆತ ತಿಂದು ಬಾಯಿ ಮುಚ್ಚಿಕೊಂಡಿದ್ದವರು ನೀವು! ನೀವೇ ಹೀಗೆ ಹೇಳಿದರೆ?”

“ಬಾಯಿ ಮುಚ್ಚಿರಲಿಲ್ಲ. ತೆರೆದಿದ್ದೆ. ಚಹಾ ಬಂತು” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಹಾಗಾಗಿ ಪೂರ್ತಿ ಹೇಳಬೇಕಾಯಿತು. ಹವಾಲ್ದಾರನ ನೆಗಡಿಯಿಂದ ಹಿಡಿದು ಬಸಿಯವರೆಗೆ. ಯಾರ ಹೆಸರು, ಯಾವ ಮನೆ ನಾಲಗೆಯ ತುದಿಯಲ್ಲಿತ್ತು ಎಂಬುದನ್ನೂ ಹೇಳಿದೆ. ಶೇಖರನ ಮುಖ ನೋಡುವ ಧೈರ್ಯ ಇರಲಿಲ್ಲ, ಕಿಟಕಿಯನ್ನು ನೋಡುತ್ತ ಹೇಳಿದೆ. ಕೆಳಗೆ ರಸ್ತೆಯಲ್ಲಿ ಟ್ರಾಮಿನ ಗಂಟೆ ಕೇಳುತ್ತಿತ್ತು.

“ಹಾಗಾದ್ರೆ ಹಾರವನ್ನು ಆ ಇರಾಣಿಯವನಿಗೆ ಹಾಕಬೇಕಿತ್ತು ಮಾರಾಯ” ಎಂದ ಶೇಖರ. ನಗಲಿಲ್ಲ. ಅವನ ಕೈ ನನ್ನ ಬೆನ್ನ ಮೇಲೆ ಬಂದು ಕುಳಿತಿತು. ಭಾರವಾದ ಕೈ.

ನಾನು ಚೀಲದಿಂದ ಒಂಬತ್ತನೆಯ ಫಾರಂ ತೆಗೆದೆ. ಶೇಖರನೂ ಗುಮಾಸ್ತರೂ ನನ್ನಿಂದಾಗಿ ಅದನ್ನು ಇನ್ನೂ ಓದಿಲ್ಲ, ಈಗ ಇಲ್ಲೇ ಗಟ್ಟಿಯಾಗಿ ಓದುತ್ತೇನೆ ಎಂದೆ.

ಬಸವಂತಪ್ಪಣ್ಣ ಎದ್ದರು. “ನಾ ಹೊರಗ ಮೆಟ್ಟಲ ಮ್ಯಾಲೆ ಕುಂಡ್ರಲೇನು ಟೀಚರ?”

ಟೀಚರ್ ನನ್ನ ಕಡೆ ನೋಡಿದರು.

“ಇಲ್ಲೇ ಕೂತ್ಕೊಳ್ಳಿ ಬಸವಂತಪ್ಪಣ್ಣ. ನನಗೆ ನಿಮ್ಮ ಕಡೆಯ ಮಾತು ಬಾಯಿಗೆ ಸರಿ ತಿರುಗುದಿಲ್ಲ. ತಪ್ಪಿದರೆ ಹೇಳಿ.”

ಓದಿದೆ. ಎರಡನೆಯ ದಿನದ ಭಾಗ ಬಂದಾಗ ಒಂದೇ ಸಾಲನ್ನು ಎರಡು ಸಲ ಓದಿದೆ, ಟೀಚರ್ ನೀರು ಕೊಟ್ಟರು. ಒಂದು ಕಡೆ ‘ಜ್ವಾಳ’ ಎನ್ನುವುದನ್ನು ತಪ್ಪಾಗಿ ಓದಿದೆ, ಬಸವಂತಪ್ಪಣ್ಣ ಮೆಲ್ಲಗೆ ತಿದ್ದಿದರು. ಕೊನೆಯ ಪುಟದ ಹೊತ್ತಿಗೆ ತಲೆ ಎತ್ತಿ ನೋಡಿದೆ. ಅವರ ಬೂಟು ಎರಡೂ ಕುರ್ಚಿಯ ಕೆಳಗಿದ್ದವು, ಒಳಗೆ ಕಾಲುಚೀಲ ಮಡಚಿಟ್ಟಿತ್ತು. ಯಾವಾಗ ಬಿಚ್ಚಿದರೋ ಕಾಣಲಿಲ್ಲ. ಬರಿಗಾಲನ್ನು ಚಾಪೆಯ ಮೇಲೆ ಇಟ್ಟುಕೊಂಡು, ಮನೆಯಲ್ಲಿ ಕುಳಿತ ಹಾಗೆ ಕುಳಿತಿದ್ದರು.

ಗುಮಾಸ್ತರಲ್ಲೊಬ್ಬ ಕಣ್ಣೊರೆಸಿಕೊಂಡು “ಚಹಾ ಹೇಳಲಾ?” ಎಂದ.

“ಹೇಳಪಾ, ಲಗೂ ಹೇಳು” ಎಂದರು ಬಸವಂತಪ್ಪಣ್ಣ. “ದೂಜ ಇನ್ನೇನರೇ ಬಾಯಿ ಬಿಡೂದ್ರಾಗ ಬರಲಿ.”

ಮೊದಲು ನಕ್ಕದ್ದು ಶೇಖರ. ಆಮೇಲೆ ನಾನು.

ನವೆಂಬರ್ ೨೯, ಭಾನುವಾರ

ಕೊರಗಪ್ಪ ಮೊನ್ನೆ ಬಂದ. ಟೋಕನ್ ಕೊಡುವ ಕೆಲಸಕ್ಕೆ ಕೂರಿಸಿದ್ದಾರೆ. ಎಡಗೈಯಲ್ಲಿ ಕೊಡುತ್ತಾನೆಂದು ಕೆಲವು ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಅವರಿಗೆ ನಾನು ಸಾಂಬಾರು ಕಡಿಮೆ ಹಾಕುತ್ತೇನೆ.

ಇವತ್ತು ‘ಸುಟ್ಟ ಸ್ಟೇಷನ್’ ಹೊಲಿದೆವು. ಭಾಂಡುಪಿನಲ್ಲಿ, ಅವರ ಮನೆಯ ಜಗಲಿಯಲ್ಲಿ. ರಾಚವ್ವ ಗೋದಿ ಹಿಟ್ಟಿನ ಅಂಟು ಕಾಯಿಸಿ ಕೊಟ್ಟರು. ಬಸವಂತಪ್ಪಣ್ಣ ಖಾಕಿ ಹೊದಿಕೆಗಳನ್ನೆಲ್ಲ ಬಿಚ್ಚಿ, ಫಾರಮುಗಳನ್ನು ಒಂದರ ಮೇಲೊಂದು ಜೋಡಿಸಿ, ದಬ್ಬಣದಲ್ಲಿ ತೂತು ಹಾಕಿದರು. ನಾನು ದಾರ ಎಳೆದು ಹಿಡಿದೆ. ಅಂಗೈ ಇನ್ನೂ ಪೂರ್ತಿ ಮಡಚುವುದಿಲ್ಲ, ಆದರೂ ಹಿಡಿತ ಸಿಕ್ಕಿತು.

ಹೊಲಿಗೆ ಮುಗಿಸಿ ಪುಸ್ತಕವನ್ನು ಮುಚ್ಚಿ ಅಡ್ಡ ಹಿಡಿದಾಗ ಅಂಚಿನಲ್ಲಿ ಒಂದು ಕಪ್ಪು ಪಟ್ಟಿ ಕಂಡಿತು. ಬೇರೆ ಫಾರಮುಗಳೆಲ್ಲ ಬಿಳಿ, ನಡುವೆ ಒಂಬತ್ತನೆಯದು ಮಾತ್ರ ಮಾಸಿ ಕಪ್ಪಾಗಿದೆ. ಅವರ ಬೆರಳಿನ ಬೆವರು, ನನ್ನ ಟ್ರಂಕಿನ ತುಕ್ಕು, ಹೋಟೆಲಿನ ಎಣ್ಣೆ.

“ಕಾಣತೈತಲ್ಲ” ಎಂದರು ಬಸವಂತಪ್ಪಣ್ಣ. ರಟ್ಟು ಕತ್ತರಿಸುವ ಚೂರಿ ಕೈಗೆತ್ತಿಕೊಂಡರು. “ಅಂಚು ಒಂಚೂರು ಸವರಿದ್ರ ಹೊಕ್ಕೈತಿ. ಗೊತ್ತಽ ಆಗೂದಿಲ್ಲ.”

“ಬೇಡ, ಇರಲಿ” ಎಂದೆ.

ಅವರು ಚೂರಿ ಕೆಳಗಿಟ್ಟು, ಅಂಟು ಹಚ್ಚತೊಡಗಿದರು.